ಬೀಗವಿಲ್ಲದ ಕೀಲಿ

ನಮ್ಮೂರು ಮಧುರೆ ಎಂದು ಹೇಳಿದರೆ ಹೊಸಬರು ಕಣ್ಣರಳಿಸಿ ಕೇಳುವುದು, "ಓಹೋ, ಮೀನಾಕ್ಷಿ ಅಮ್ಮನವರ ಊರಾ?" ಎಂದೇ. ಅಲ್ಲ, ಇದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ, ಇಲ್ಲಿರುವುದು ಶನಿಮಹಾತ್ಮ ಎಂದ ಕೂಡಲೇ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೆಲವರು ಅಲ್ಲೇ ನಿಂತು ಕೈಮುಗಿಯುತ್ತಾರೆ. ಶನಿವಾರ ಬಂತೆಂದರೆ, ಅದರಲ್ಲೂ ಶ್ರಾವಣದ ಶನಿವಾರವಾದರೆ, ನಮ್ಮೂರಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲರ ಕೈಯಲ್ಲೂ ಎಳ್ಳಿನ ಗಂಟು, ಎಳ್ಳೆಣ್ಣೆಯ ಸೀಸೆ.

ಶನಿಗೆ ಸೇರಿದ ಲೋಹ ಕಬ್ಬಿಣ. ಹಾಗಾಗಿ ಶನಿವಾರ ಕಬ್ಬಿಣ ಕೊಂಡು ಮನೆಗೆ ತರಬಾರದು ಎನ್ನುವುದು ಎಲ್ಲ ಊರುಗಳಲ್ಲೂ ಇರುವ ಮಾತು. ನಮ್ಮೂರಿನಲ್ಲಿ ಅದು ಮಾತಲ್ಲ, ಕಾನೂನು. ನನ್ನ ನೆರೆಮನೆಯಾಕೆ ಶನಿವಾರ ಒಂದು ಸೇಫ್ಟಿಪಿನ್ನನ್ನೂ ಕೊಳ್ಳುವುದಿಲ್ಲ. ಅಂಥ ಊರಿಗೆ, 2023ರ ಶ್ರಾವಣದ ಒಂದು ಶನಿವಾರ, ಭಕ್ತಾದಿಗಳಿಂದ ತುಂಬಿ ತುಳುಕುವ ಬಸ್ಸಿನಲ್ಲಿ, ತೊಡೆಯ ಮೇಲಿನ ವ್ಯಾನಿಟಿ ಬ್ಯಾಗಿನಲ್ಲಿ ಎರಡು ಮೂರು ಕಿಲೋ ಹಳೇ ಕಬ್ಬಿಣ ಇಟ್ಟುಕೊಂಡು ನಾನು ಬಂದೆ. ಹೇಳಿಕೇಳಿ ಕನ್ನಡ, ಸಮಾಜ ಪಾಠ ಹೇಳುವ ಮೇಡಮ್ಮು. ನನಗೇಕೆ ಬೇಕಿತ್ತು ಈ ಕಬ್ಬಿಣದ ಕಡಲೆ ಎಂದು ನೀವು ಕೇಳಬಹುದು. ಅದನ್ನೇ ಹೇಳಲು ಕುಳಿತಿದ್ದೇನೆ.

ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೀಟಿನ ಕೊಟ್ಟಿಗೆ ಇದೆ. ದನ ಕಟ್ಟಿದ ಕೊಟ್ಟಿಗೆಯಲ್ಲ, ನಮ್ಮ ಮಾವನವರ ವರ್ಕ್‌ಶಾಪು. ಮಾವನವರು ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಫಿಟ್ಟರ್ ಆಗಿದ್ದವರು. ಎಚ್.ಎಂ.ಟಿ. ಎಂದರೆ ನಮಗೆಲ್ಲ ನೆನಪಾಗುವುದು ಕೈಗಡಿಯಾರ. ಆದರೆ ಆ ಸಂಸ್ಥೆ 1953ರಲ್ಲಿ ಹುಟ್ಟಿದ್ದು ಯಂತ್ರಗಳನ್ನು ಮಾಡುವ ಯಂತ್ರ ಮಾಡಲು. ಗಡಿಯಾರ ಬಂದದ್ದು ಆಮೇಲೆ. "ನಾನು ಗಡಿಯಾರದವನಲ್ಲ, ಲೇತಿನವನು," ಎಂದು ಮಾವ ಬಂದ ನೆಂಟರಿಗೆಲ್ಲ ತಿದ್ದಿ ಹೇಳುತ್ತಿದ್ದರು. 1988ರಲ್ಲಿ ನಿವೃತ್ತರಾಗಿ ಬಂದ ಮೇಲೆ ಸುಮ್ಮನೆ ಕೂರಲಾರದೆ, ಬೆಂಗಳೂರಿನ ಯಾವುದೋ ಹರಾಜಿನಲ್ಲಿ ಒಂದು ಹಳೆಯ ಡ್ರಿಲ್ಲಿಂಗ್ ಮೆಷಿನ್ನು ಹಿಡಿದು, ಎತ್ತಿನ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ತಂದರಂತೆ. ನಾನು 1991ರಲ್ಲಿ ಸೊಸೆಯಾಗಿ ಈ ಮನೆಗೆ ಕಾಲಿಟ್ಟಾಗ ಒಳಗೆ ಸೇರಕ್ಕಿ ಒದ್ದ ಸದ್ದಿನ ಜೊತೆಗೇ ಹಿತ್ತಲಿನ ಆ ಮೆಷಿನ್ನಿನ ಗುಂಯ್ ಎನ್ನುವ ಸದ್ದೂ ಕೇಳಿತ್ತು. ಮಗನ ಮದುವೆಯ ಮಾರನೆ ದಿನವೂ ಕೆಲಸ ಬಿಡದ ಮನುಷ್ಯ.

ಕೆಲಸವೇನು ಎಂದರೆ ತೂತು ಕೊರೆಯುವುದು. ದೊಡ್ಡಬಳ್ಳಾಪುರ ನೇಕಾರರ ಊರು. ಅಲ್ಲಿಯ ಬೀದಿಗಳಲ್ಲಿ ಮಾತಾಡಬೇಕಾದರೆ ಮಗ್ಗದ ಸದ್ದಿಗಿಂತ ಜೋರಾಗಿ ಮಾತಾಡಬೇಕು. ಆ ಪವರ್‌ಲೂಮುಗಳ ಕಬ್ಬಿಣದ ಪಟ್ಟಿ ಮುರಿದರೆ, ಬ್ರಾಕೆಟ್ಟು ಸೀಳಿದರೆ, ಹೊಸ ಪಟ್ಟಿಗೆ ಸರಿಯಾದ ಜಾಗದಲ್ಲಿ ಸರಿಯಾದ ಅಳತೆಯ ತೂತು ಬೇಕು. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಯಲ್ಲೇ ಎರಡು ನಾಲ್ಕು ಮಗ್ಗ ಹಾಕಿಕೊಂಡಿದ್ದವರು ಸೈಕಲ್ಲಿನಲ್ಲಿ ಮಾವನ ಹತ್ತಿರ ಬರುತ್ತಿದ್ದರು. ಮಾವ ಕೂಲಿ ಇಂತಿಷ್ಟೇ ಎಂದು ಕೇಳಿದ್ದು ನಾನು ನೋಡಿಲ್ಲ.

2001ರ ಸಂಕ್ರಾಂತಿ ಕಳೆದ ವಾರ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಎರಡು ವರ್ಷ ಹಾಗೆಯೇ ಇದ್ದು 2003ರಲ್ಲಿ ತೀರಿಕೊಂಡರು. ಮೆಷಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತು. ಮೇಲೆ ಕೋಳಿ ಕೂತಿತು, ಒಳಗೆ ಜೇಡ ಮನೆ ಕಟ್ಟಿತು. ಇಪ್ಪತ್ತು ವರ್ಷ ಯಾರೂ ಅದರ ಮುಸುಕು ತೆಗೆಯಲಿಲ್ಲ.

ತೆಗೆದದ್ದು ಮಗನ ದೆಸೆಯಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, 2023ರ ಯುಗಾದಿಗೆ ಬಂದವನು, ಕೊಟ್ಟಿಗೆ ಕೆಡವಿ ಎರಡು ರೂಮು ಕಟ್ಟೋಣ ಎಂದ. ಇವರೂ ತಲೆಯಾಡಿಸಿದರು. ಗುಜರಿಯವನು ಬಂದು ಮೆಷಿನ್ನನ್ನು ಒಂದು ಸಲ ಕಾಲಿನಿಂದ ಒದ್ದು, "ಬೀಡು ಕಬ್ಬಿಣ, ಕಿಲೋ ಲೆಕ್ಕ," ಎಂದ. ಲೆಕ್ಕ ಹಾಕುವ ಹೊತ್ತಿಗೆ ನಮ್ಮ ಮನೆಯ ಬೋರ್‌ವೆಲ್ ಪಂಪಿನ ಕೆಲಸಕ್ಕೆಂದು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದ. ಏಳನೆಯ ಕ್ಲಾಸಿನಲ್ಲಿ ಹಳಗನ್ನಡ ಪದ್ಯ ಬಾಯಿಪಾಠ ಬರದೆ ನನ್ನಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು. ಈಗ ದೊಡ್ಡಬಳ್ಳಾಪುರದಲ್ಲಿ ಸ್ವಂತ ಲೇತ್ ಅಂಗಡಿ ಇಟ್ಟಿದ್ದಾನೆ. ಅವನು ಮೆಷಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೆರಳಿನಿಂದ ತುಕ್ಕು ಉಜ್ಜಿ, ಎಷ್ಟೋ ಹೊತ್ತು ನೋಡಿದ. ಆಮೇಲೆ ಕೇಳಿದ:

"ಮಿಸ್, ಇದರ ಬಿಚ್ಚಿದ ಸಾಮಾನೆಲ್ಲ ಎಲ್ಲಿ?"

"ಎಂಥ ಸಾಮಾನು? ಇದ್ದದ್ದೇ ಇಷ್ಟು," ಎಂದೆ.

"ಇಲ್ಲ ಮಿಸ್. ಇದು ಮುರಿದಿದ್ದಲ್ಲ. ತಿಳಿದವರು ಬಿಚ್ಚಿದ್ದು. ನೋಡಿ, ಬೋಲ್ಟುಗಳು ಕಳೆದುಹೋಗಬಾರದು ಅಂತ ಅವವೇ ತೂತಿಗೆ ಎರಡು ಸುತ್ತು ಕೈಯಲ್ಲೇ ತಿರುಗಿಸಿ ಇಟ್ಟಿದ್ದಾರೆ. ಬಿಚ್ಚಿದವರು ಮತ್ತೆ ಜೋಡಿಸೋಕೆ ಇಟ್ಟಿದ್ದಾರೆ."

ಅವನು ಬೆರಳಿಟ್ಟು ತೋರಿಸಿದ ಆ ಬೋಲ್ಟುಗಳನ್ನು ನೋಡುತ್ತಿದ್ದ ಹಾಗೆ ನನ್ನ ಬೆನ್ನಿನಲ್ಲಿ ತಣ್ಣಗಾಯಿತು. ಇಪ್ಪತ್ತೆರಡು ವರ್ಷದ ಹಿಂದಿನ ಯುಗಾದಿ ನೆನಪಾಯಿತು.

ಹಬ್ಬಕ್ಕೆ ಮನೆ ಗುಡಿಸಿ ಸಾರಿಸುವ ಸಡಗರ. ಮಾವ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಸೀಮೆಎಣ್ಣೆಯ ವಾಸನೆ ಹೊಡೆಯುವ ಒಂದು ಗೋಣಿಚೀಲ. ಒಳಗೆ ಕೈಹಾಕಿದರೆ ಜಿಡ್ಡುಜಿಡ್ಡು ಕಬ್ಬಿಣದ ತುಂಡುಗಳು. ಬೀದಿಯಲ್ಲಿ ಗುಜರಿಯವನ ಕೂಗು ಕೇಳಿತು. ಹಾಕಿದೆ. ಕೊಟ್ಟ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಸ್ಟೀಲಿನ ಒಂದು ಕೊಳದಪ್ಪಲೆ ಕೊಂಡೆ. ಅದು ಈಗಲೂ ನಮ್ಮ ಅಡುಗೆಮನೆಯಲ್ಲಿದೆ, ದಿನಾ ಸಾರು ಅದರಲ್ಲೇ ಕುದಿಯುತ್ತದೆ. ನಾಲ್ಕು ದಿನದ ಮೇಲೆ ಮಾವ ಕೋಲೂರಿಕೊಂಡು, ಗೋಡೆ ಹಿಡಿದುಕೊಂಡು, ಮೊದಲ ಸಲ ಹಿತ್ತಲಿಗೆ ಬಂದರು. ಆ ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಆ ಹಳೇ ಕಬ್ಬಿಣಾನ ಗುಜರಿಗೆ ಹಾಕಿಬಿಟ್ಟೆ ಮಾವ, ಜಾಗ ಆಯ್ತು," ಎಂದೆ, ಒಳ್ಳೆಯ ಕೆಲಸ ಮಾಡಿದವಳ ಹಾಗೆ. ಅವರು ಎಡಗೈಯನ್ನು ಗಾಳಿಯಲ್ಲಿ ಸ್ವಲ್ಪ ಆಡಿಸಿ ಒಳಗೆ ಹೋದರು. ಆ ಕೈಯ ಅರ್ಥವನ್ನು ನಾನು ಅಂದು "ಸರಿ" ಎಂದು ತಿಳಿದುಕೊಂಡಿದ್ದೆ.

ಅಂದು ರಾತ್ರಿ ಮಾವನ ಟ್ರಂಕು ತೆಗೆದೆ. ಹಳೆಯ ಫ್ಯಾಕ್ಟರಿಯ ಪಾಸು, ಒಂದು ಸ್ವೆಟರು. ಅಡಿಯಲ್ಲಿ ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಹೊಸ ಬೇರಿಂಗುಗಳು, ಒಡೆದೇ ಇಲ್ಲ. ಪಕ್ಕದಲ್ಲಿ ಕಾಯಿಲೆ ಬಿದ್ದ ದಿನ ಹಾಕಿಕೊಂಡಿದ್ದ ಖಾಕಿ ಅಂಗಿ, ಅತ್ತೆ ಒಗೆದು ಮಡಿಸಿಟ್ಟದ್ದು. ಅದರ ಜೇಬಿನಲ್ಲಿ ಏನೋ ಭಾರ. ತೆಗೆದರೆ ಇಂಗ್ಲಿಷಿನ ಟೀ ಅಕ್ಷರದ ಆಕಾರದ ಒಂದು ಕೀಲಿ. ತುದಿಯಲ್ಲಿ ಹಲ್ಲುಹಲ್ಲಾದ ಪುಟ್ಟ ಚಕ್ರ, ಅದರ ನಡುವೆ ಮೊಳಕೆಯಂತೆ ಒಂದು ಮೂತಿ. ಮಾರನೆಯ ದಿನ ಲೇತಿನ ಹುಡುಗನಿಗೆ ತೋರಿಸಿದೆ. "ಚಕ್ ಕೀ ಮಿಸ್," ಎಂದ. "ಡ್ರಿಲ್ ಬಿಟ್ಟು ಕಚ್ಚಿ ಹಿಡಿಯೋ ಬಾಯಿಗೆ ಚಕ್ ಅಂತಾರೆ. ಅದನ್ನ ಬಿಗಿಮಾಡೋ ಕೀಲಿ ಇದು. ಇದನ್ನ ಚಕ್ಕಲ್ಲೇ ಮರೆತು ಸ್ವಿಚ್ ಹಾಕಿದರೆ ಬಾಣದ ಹಾಗೆ ಹಾರಿ ಬರ್ತದೆ, ಕಣ್ಣೇ ಹೋಗಬಹುದು. ಅದಕ್ಕೆ ಹಳಬರು ಒಂದು ಪಾಠ ಹೇಳ್ತಿದ್ರು: ಕೀಲಿ ಕೈಯಲ್ಲಿರಬೇಕು, ಇಲ್ಲ ಜೇಬಲ್ಲಿರಬೇಕು."

ಹೀಗೆ ಆ ಪಾಠದಿಂದಾಗಿ ಆ ಕೀಲಿಯೊಂದು ನನ್ನ ಕೈಗೆ ಸಿಕ್ಕದೆ ಉಳಿದುಕೊಂಡಿತ್ತು. ಮಾವ ಬೇರಿಂಗ್ ಬದಲಾಯಿಸಲೆಂದು ಮೆಷಿನ್ನು ಬಿಚ್ಚಿ, ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದು ಚೀಲಕ್ಕೆ ಹಾಕಿಟ್ಟಿದ್ದರು. ಆ ವಾರವೇ ಬಿದ್ದರು. ಬೀಗ ಮಾರಿದ್ದೆ, ಕೀಲಿ ಉಳಿದಿತ್ತು.

ಕೊಟ್ಟಿಗೆ ಕೆಡವಬೇಡಿ ಎಂದೆ. ಮಗ ನಕ್ಕ. ಇವರು, "ರಿಟೈರ್ ಆಗೋಕೆ ಮುಂಚೆಯೇ ಶುರುವಾಯ್ತು," ಎಂದರು. ನಾನು ಒಂದು ಹಾಳೆ ತೆಗೆದು, ಲೇತಿನ ಹುಡುಗ ಹೇಳಿದ ಹಾಗೆ, ಇಲ್ಲದ ಸಾಮಾನುಗಳ ಪಟ್ಟಿ ಬರೆದೆ: ಒಂದು, ಬೆಲ್ಟು. ಎರಡು, ಮೋಟರಿನ ಮೆಟ್ಟಿಲು ಪುಲ್ಲಿ. ಮೂರು, ಮೂರು ಹಿಡಿಗಳಲ್ಲಿ ಎರಡು. ನಾಲ್ಕು, ಮೇಜಿನ ಬಿಗಿ ಬೋಲ್ಟು. ಐದು, ಸುರುಳಿ ಸ್ಪ್ರಿಂಗು. ಆರು, ಚಕ್ಕು. ಮದುವೆ ದಿನಸಿಯ ಪಟ್ಟಿಗಿಂತ ಚಿಕ್ಕದೇ. ಬರೆದವರ ಹೆಸರು ಹೇಳಿ ಸಾಮಾನು ತರಿಸೋಣವೆಂದರೆ ಮೆಷಿನ್ನಿನ ಹೆಸರಿನ ಫಲಕವೂ ಉದುರಿಹೋಗಿದೆ. 'ಮೇಡ್ ಇನ್ ಇಂಗ್ಲೆಂಡ್' ಎನ್ನುವ ಉಬ್ಬಕ್ಷರ ಮಾತ್ರ ಎರಕದಲ್ಲಿ ಉಳಿದಿದೆ. ತಂದೆ ಯಾರೆಂದು ತಿಳಿಯದ ಮಗುವಿಗೆ ಸಂಬಂಧ ಹುಡುಕಿದ ಹಾಗೆ.

ಬೆಲ್ಟು ಸುಲಭವಾಗಿ ಸಿಕ್ಕಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬಿಡಿಭಾಗದ ಅಂಗಡಿಗೆ ಬರವೇ? ಅಂಗಡಿಯವರು, "ಎಷ್ಟು ನಂಬರಮ್ಮ?" ಎಂದರು. ಬೆಲ್ಟಿನ ಮೇಲಿನ ನಂಬರು ಅದರ ಒಳಸುತ್ತಿನ ಇಂಚುಗಳಂತೆ. ಮನೆಗೆ ಬಂದು, ರವಿಕೆ ಅಳತೆಗೆ ಇಟ್ಟುಕೊಂಡಿರುವ ಟೇಪಿನಿಂದ ದಾರ ಸುತ್ತಿ ಅಳೆದೆ. ಇಂಗ್ಲೆಂಡಿನ ಮೆಷಿನ್ನೂ ನಮ್ಮ ರವಿಕೆಯೂ ಇಂಚಿನಲ್ಲೇ ಮಾತಾಡುತ್ತವೆ ಎಂದು ಆ ದಿನ ಗೊತ್ತಾಯಿತು.

ಬೋಲ್ಟಿನ ಬಳಿ ಬಂದಾಗ ಆ ಇಂಚಿನ ಮಹಿಮೆ ಪೂರ್ತಿ ತಿಳಿಯಿತು. ಮೇಜಿನ ತೂತಿಗೆ ಅಂಗಡಿಯಿಂದ ತಂದ ಹನ್ನೆರಡು ಮಿಲಿಮೀಟರಿನ ಬೋಲ್ಟು ಹಾಕಿದರೆ ಲೊಡಲೊಡ. ಹಿಡಿಗಳ ತೂತಿಗೆ ಹತ್ತು ಮಿಲಿಮೀಟರಿನದು ಹಾಕಿದರೆ ಒಳಗೇ ಹೋಗದು. ತೂತುಗಳು ಅರ್ಧ ಇಂಚು, ಮೂರೆಂಟಂಶ ಇಂಚು, ಅಂದರೆ 12.7, ಸುಮಾರು 9.5 ಮಿಲಿಮೀಟರು. ದಪ್ಪ ಸರಿಹೋದರೂ ಸುತ್ತು ಕೂಡಬೇಕಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಂಬಾತ 1841ರಲ್ಲಿ ಸ್ಕ್ರೂಗಳಿಗೆ ಒಂದು ನಿಯಮ ಮಾಡಿದನಂತೆ: ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ ಹನ್ನೆರಡು ಸುತ್ತು, ಸುತ್ತಿನ ಕೋನ 55 ಡಿಗ್ರಿ. ಅದಕ್ಕೂ ಮುಂಚೆ ಪ್ರತಿ ಕಾರ್ಖಾನೆಗೂ ತನ್ನದೇ ಸುತ್ತು. ಮೆಟ್ರಿಕ್ ಬೋಲ್ಟಿನ ಕೋನ 60. ಐದು ಡಿಗ್ರಿಯ ಈ ಅಂತರ ಕಣ್ಣಿಗೆ ಕಾಣದು, ಕಬ್ಬಿಣಕ್ಕೆ ಗೊತ್ತಾಗುತ್ತದೆ. ನಮ್ಮ ದೇಶ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು, ಮರುವರ್ಷ ನಯಾಪೈಸೆ ಬಂತು ಎಂದು ನಾನು ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ! ಆ ಪಾಠದ ಒಂದು ಸಾಲು ನನ್ನ ಹಿತ್ತಲಿನಲ್ಲೇ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಹಳೆಯ ಹಾರ್ಡ್‌ವೇರ್ ಅಂಗಡಿಯ ಮುದುಕರೊಬ್ಬರು, "ನಾಲ್ಕು ಸೂತು, ಮೂರು ಸೂತು ಅಂತ ಕೇಳಬೇಕಮ್ಮ," ಎಂದು ಬಯ್ದು, ಒಳಗಿನ ಡಬ್ಬದಿಂದ ತೆಗೆದುಕೊಟ್ಟರು. ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ಕಾಯಿದೆ ಬಂದು ಅರವತ್ತು ಎಪ್ಪತ್ತು ವರ್ಷವಾದರೂ ಸೂತು ಅಂಗಡಿಯ ಡಬ್ಬದಲ್ಲಿ ಉಳಿದಿದೆ. ಹಿಡಿಗಳ ಸರಳನ್ನು ಲೇತಿನ ಹುಡುಗನೇ ಕಡೆದು, ತುದಿಗೆ ಮೂರು ಸೂತಿನ ಸುತ್ತು ತೆಗೆದು ಕೊಟ್ಟ.

ಪುಲ್ಲಿಯ ಲೆಕ್ಕ ನನ್ನ ತಲೆ ತಿಂದಿತು. ಮೆಷಿನ್ನಿನ ಮೇಲಿರುವ ಪುಲ್ಲಿಗೆ ಮೂರು ಮೆಟ್ಟಿಲು: ಐದು ಇಂಚು, ನಾಲ್ಕು, ಮೂರು. ಹಿಂದಿನ ಮೋಟರಿಗೆ ಇದಕ್ಕೆ ಜೋಡಿಯಾದ ಪುಲ್ಲಿ ಬೇಕು. ಅಂಗಡಿಯಲ್ಲಿ ಸಿಕ್ಕುವುದೆಲ್ಲ ಒಂದೇ ಮೆಟ್ಟಿಲಿನವು. ಯಾವ ಅಳತೆಗೆ ಮಾಡಿಸಬೇಕು? ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಮ್ಮನ್ನು ಕೇಳಿದೆ. ಅವರು ಊಟದ ಡಬ್ಬ ಪಕ್ಕಕ್ಕಿಟ್ಟು, ಚಿತ್ರ ಬರೆದು ಹೇಳಿದರು: ಬೆಲ್ಟು ಒಂದೇ ಆದ್ದರಿಂದ ಎದುರುಬದುರು ಮೆಟ್ಟಿಲುಗಳ ಮೊತ್ತ ಒಂದೇ ಇರಬೇಕು. ಐದಕ್ಕೆ ಎರಡು, ನಾಲ್ಕಕ್ಕೆ ಮೂರು, ಮೂರಕ್ಕೆ ನಾಲ್ಕು. ಯಾವುದು ಕೂಡಿದರೂ ಏಳು. ಮೋಟರು ನಿಮಿಷಕ್ಕೆ 1440 ಸುತ್ತು ತಿರುಗಿದರೆ, ಎರಡರಿಂದ ಐದಕ್ಕೆ ಬೆಲ್ಟು ಹಾಕಿದಾಗ ಬಿಟ್ಟು ತಿರುಗುವುದು 576 ಸುತ್ತು. ನಡುವಿನದಕ್ಕೆ ಹಾಕಿದರೆ 1080. ನಾಲ್ಕರಿಂದ ಮೂರಕ್ಕೆ ಹಾಕಿದರೆ 1920. ದಪ್ಪ ಬಿಟ್ಟಿಗೆ ನಿಧಾನ, ಸಣ್ಣ ಬಿಟ್ಟಿಗೆ ವೇಗ. ಮಾವ ಬೆಲ್ಟನ್ನು ಯಾಕೆ ಹತ್ತಿಸಿ ಇಳಿಸುತ್ತಿದ್ದರು ಎಂಬುದು, ದಿನಾ ಕಾಫಿ ಕೊಡಲು ಹೋಗಿ ನೋಡುತ್ತಿದ್ದ ನನಗೆ, ಅವರು ಹೋಗಿ ಇಪ್ಪತ್ತು ವರ್ಷದ ಮೇಲೆ ಅರ್ಥವಾಯಿತು.

ಸ್ಪ್ರಿಂಗು ಮಾತ್ರ ಬಹಳ ಸತಾಯಿಸಿತು. ಹಿಡಿ ಒತ್ತಿದರೆ ಬಿಟ್ಟು ಕೆಳಗಿಳಿಯುತ್ತದೆ. ಬಿಟ್ಟಾಗ ತಾನಾಗಿ ಮೇಲೇರಬೇಕು. ಮೇಲೇರಿಸುವುದು ಆ ಸುರುಳಿ. ಗಡಿಯಾರದ ಸ್ಪ್ರಿಂಗಿನ ಹಾಗೇ ಇರುತ್ತದೆ ಎಂದು ಕೇಳಿ, ಗಡಿಯಾರ ರಿಪೇರಿಯವರಿಂದ ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗು ತಂದೆವು. ಪಾಪ, ಗಂಟೆ ಹೊಡೆದು ಅಭ್ಯಾಸವಾದ ಸ್ಪ್ರಿಂಗಿಗೆ ಭಾರ ಎತ್ತಲು ಕಸುವೆಲ್ಲಿ? ಅರ್ಧಕ್ಕೇ ಸೋತಿತು. ಬೆಂಗಳೂರಿಗೇ ಹೋಗಬೇಕು ಎಂದ ಲೇತಿನ ಹುಡುಗ. ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ವಾರದ ದಿನ ನನಗೆ ಶಾಲೆ. ಉಳಿದದ್ದು ಶನಿವಾರದ ಮಧ್ಯಾಹ್ನ.

ಈಗ ನಿಮಗೆ ಶ್ರಾವಣ ಶನಿವಾರದ ಕಥೆ ಗೊತ್ತಾಯಿತಲ್ಲ.

ಎಸ್.ಪಿ. ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಹೆಂಗಸರು ಇಲ್ಲವೇ ಇಲ್ಲ ಎನ್ನಬೇಕು. ನಾಲ್ಕು ಅಂಗಡಿಗಳಲ್ಲಿ ನನ್ನ ಮುಖ ನೋಡದೆ, ನನ್ನ ಹಿಂದೆ ಯಾರಾದರೂ ಗಂಡಸು ಇದ್ದಾರೆಯೇ ಎಂದು ನೋಡಿದರು. ಒಬ್ಬ, "ಹೊಸ ಚಕ್ ತೊಗೊಳ್ಳಿ ಮೇಡಂ, ಜೊತೆಗೆ ಹೊಸ ಕೀಲಿ ಬರ್ತದೆ. ಹಳೇ ಕೀಲಿಗೆ ಚಕ್ ಹುಡುಕೋರನ್ನ ಇವತ್ತೇ ನೋಡಿದ್ದು," ಎಂದು ನಕ್ಕ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ಬೇಕಾದದ್ದು ಆ ಕೀಲಿ ತಿರುಗುವ ಚಕ್ಕು.

ಕೊನೆಗೆ ಒಂದು ಹಳೆಯ ಮೆಷಿನ್ನಿನ ಸಾಮಾನಿನ ಅಂಗಡಿ. ಗಲ್ಲದ ಮೇಲೆ ಬಿಳಿಗಡ್ಡದ ಹಿರಿಯರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕೀಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಯಜಮಾನರು ಒಳ್ಳೆಯ ಕೆಲಸಗಾರರು. ಹಲ್ಲು ನೋಡಿ, ಒಂದೂ ತಿಂದಿಲ್ಲ. ಕೀಲಿ ವಾಲಿಸಿ ತಿರುಗಿಸೋರ ಹಲ್ಲು ಬೇಗ ಹೋಗ್ತದೆ," ಎಂದರು. ಅವರ ಬಾಯಿಂದ ಆ ಮಾತು ಬಂದಾಗ ನನಗೆ ಗಂಟಲು ಕಟ್ಟಿತು. ಒಂದು ಮಂಕರಿಯ ತುಂಬ ಹಳೆಯ ಚಕ್ಕುಗಳನ್ನು ಎಳೆದು ನನ್ನ ಮುಂದಿಟ್ಟು ಸ್ಟೂಲು ಕೊಟ್ಟರು. "ನೀವೇ ಹುಡುಕಿ."

ಹುಡುಕಿದೆ. ಒಂದಕ್ಕೆ ಮೂತಿ ದಪ್ಪವಾಯಿತು, ಒಂದಕ್ಕೆ ಸಡಿಲವಾಯಿತು, ಒಂದರಲ್ಲಿ ಹಲ್ಲಿಗೆ ಹಲ್ಲು ಕೂಡಲಿಲ್ಲ. ಕೈಯೆಲ್ಲ ಕಪ್ಪು. ಎಷ್ಟನೆಯದೋ ತೆಗೆದು ಕೀಲಿ ಒತ್ತಿ ತಿರುಗಿಸಿದೆ; ಗಿರ್ರೆಂದು ತಿರುಗಿತು. ಒಳಗಿನ ಮೂರು ದವಡೆಗಳು ಮರಿಹಕ್ಕಿ ಬಾಯಿ ತೆರೆದ ಹಾಗೆ ತೆರೆದವು. "ಇದೇ ಇರಬಹುದಾ? ನಾನು ಮಾರಿದ್ದೇ ಇದು ಇರಬಹುದಾ?" ಎಂದುಬಿಟ್ಟೆ. ಹಿರಿಯರು ನಗಲಿಲ್ಲ. "ಇಲ್ಲಮ್ಮ. ಇದು ಬೀಗದ ಕೀಲಿಯ ಹಾಗಲ್ಲ. ಬೀಗದ್ದು ಒಂದಕ್ಕೆ ಒಂದೇ. ಇದು ಈ ಅಳತೆಯ ಯಾವ ಚಕ್ಕಿಗಾದರೂ ಆಗ್ತದೆ. ಅಳತೆ ಸರಿ ಇದ್ದರೆ ಸಾಕು," ಎಂದರು. ಈ ಹಲ್ಲಿನ ಕೀಲಿಯ ಚಕ್ಕಿಗೆ ಅಮೆರಿಕದ ಆರ್ಥರ್ ಜೇಕಬ್ಸ್ ಎಂಬಾತ ಪೇಟೆಂಟ್ ಪಡೆದದ್ದು 1902ರಲ್ಲಿ ಎಂದು ಆಮೇಲೆ ಓದಿದೆ. ಸ್ಪ್ರಿಂಗನ್ನೂ ಅವರೇ ಒಂದು ಒಡೆದ ಮೆಷಿನ್ನಿನಿಂದ ಬಿಚ್ಚಿಸಿ, ತಂತಿಯಿಂದ ಬಿಗಿದು ಕಟ್ಟಿ ಕೊಟ್ಟರು. "ತಂತಿ ಬಿಚ್ಚಬೇಡಿ, ಹಾವಿನ ಹಾಗೆ ಎಗರುತ್ತದೆ."

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ, "ನೀವೂ ಸ್ವಾಮಿ ದರ್ಶನಕ್ಕಾ?" ಎಂದರು. ಹೂಂ ಎಂದೆ. "ಬ್ಯಾಗಿನಲ್ಲಿ ಏನವ್ವ, ಎಣ್ಣೆಯಾ?" ಅದಕ್ಕೂ ಹೂಂ ಎಂದೆ. ಎಣ್ಣೆ ಇದ್ದದ್ದು ನಿಜ. ಗ್ರೀಸು ಸೋರಿ ಬ್ಯಾಗು ಹಾಳಾಗಿತ್ತು.

ಮನೆಗೆ ಬಂದಾಗ ನೆರೆಮನೆಯಾಕೆ ನಮ್ಮ ಜಗಲಿಯಲ್ಲೇ ಕೂತಿದ್ದಳು. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಎಂಬತ್ತೈದಾದರೂ ಅವರ ಬೆರಳು ನಿಲ್ಲುವುದಿಲ್ಲ. ಬ್ಯಾಗಿನೊಳಗಿನದನ್ನು ನೋಡಿ ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಶ್ರಾವಣ ಶನಿವಾರ! ಕಬ್ಬಿಣ! ಓದಿದೋರೇ ಹಿಂಗ್ ಮಾಡಿದ್ರೆ?" ಅತ್ತೆ ತಲೆಯೆತ್ತದೆ ಹೇಳಿದರು: "ಸುಮ್ಕಿರಮ್ಮ. ಅವರು ಮೂವತ್ತು ವರ್ಷ ದಿನಾ ಫ್ಯಾಕ್ಟ್ರಿಯಿಂದ ಮೈತುಂಬ ಕಬ್ಬಿಣದ ಪುಡಿ ಹೊತ್ಕೊಂಡು ಬರ್ತಿದ್ರು. ಶನಿ ನಮ್ಮ ಮನೆಗೆ ಹೊಸಬನಲ್ಲ."

ಆಕೆ ಎದ್ದು ಹೋದ ಮೇಲೆ ನಾನು ಅತ್ತೆಯ ಪಕ್ಕ ಕೂತೆ. ಇಪ್ಪತ್ತೆರಡು ವರ್ಷದಿಂದ ಹೇಳದಿದ್ದುದನ್ನು ಹೇಳಿದೆ. ಆ ಚೀಲ ಮಾರಿದ್ದು ನಾನು, ಅದು ಏನೆಂದು ನನಗೆ ಗೊತ್ತಿರಲಿಲ್ಲ ಎಂದೆ. ಅತ್ತೆ ಒಂದು ಕಟ್ಟು ಸೊಪ್ಪು ಬಿಡಿಸಿ ಮುಗಿಸುವ ತನಕ ಏನೂ ಹೇಳಲಿಲ್ಲ.

"ಗೊತ್ತು," ಎಂದರು ಆಮೇಲೆ. "ಅವತ್ತೇ ಗೊತ್ತು. ಒಳಗೆ ಬಂದು ಮಂಚದ ಮೇಲೆ ಕೂತು ಎಡಗೈಯಲ್ಲಿ ತೋರಿಸಿದ್ರು, ಚೀಲ ಇಲ್ಲ ಅಂತ. ನಾನು ಎದ್ದೆ ನಿನ್ನ ಕೇಳೋಣ ಅಂತ. ಸೆರಗು ಹಿಡಿದು ಎಳೆದು ಕೂರಿಸಿ, ಬಾಯಿ ಮೇಲೆ ಬೆರಳಿಟ್ಟುಕೊಂಡ್ರು. ಹೇಳ್ಬೇಡ ಅಂತ. ಮಗುವಿಗೆ ನೋವಾಗುತ್ತೆ ಅಂತ ಇರ್ಬೇಕು. ನಾನೂ ಹೇಳ್ಲಿಲ್ಲ."

ಮೂವತ್ತು ದಾಟಿದ, ಎರಡು ಮಕ್ಕಳ ತಾಯಿಯಾದ ಸೊಸೆ ಅವರಿಗೆ ಮಗು. ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಆ ಸ್ಟೀಲಿನ ದಪ್ಪಲೆ ಇತ್ತು.

ಮುಂದಿನದು ಹೆಚ್ಚಿಲ್ಲ. ಚಕ್ಕಿನ ಬಾಯಿ ಸರಿಹೋದರೂ ಅದರ ಬೆನ್ನು ನಮ್ಮ ಮೆಷಿನ್ನಿಗೆ ಕೂರಲಿಲ್ಲ. ಮೆಷಿನ್ನಿನ ತಿರುಗುವ ಕಂಬದೊಳಗೆ ಇಳಿಜಾರಾದ ಒಂದು ಗೂಡಿದೆ. ಅದಕ್ಕೆ ಮೋರ್ಸ್ ಟೇಪರ್ ಎನ್ನುತ್ತಾರೆ. ಸ್ಟೀಫನ್ ಮೋರ್ಸ್ ಎಂಬ ಅಮೆರಿಕದವನು 1860ರ ದಶಕದಲ್ಲಿ ಮಾಡಿದ್ದು. ಅಲ್ಲಿ ನಟ್ಟಿಲ್ಲ, ಸ್ಕ್ರೂ ಇಲ್ಲ. ಬಾಟಲಿಗೆ ಬಿರಡೆ ಕೂತ ಹಾಗೆ ಇಳಿಜಾರಿಗೆ ಇಳಿಜಾರು ಒತ್ತಿ ಕೂತು, ಒತ್ತಿದಷ್ಟೂ ಬಿಗಿಯಾಗುತ್ತದೆ. ತೆಗೆಯಬೇಕಾದರೆ ಪಕ್ಕದ ಸೀಳಿನಲ್ಲಿ ಬೆಣೆ ಹೊಡೆಯಬೇಕು. ನಡುವೆ ಒಂದು ಕೂದಲೆಳೆ ಸಿಕ್ಕಿದರೂ ಬಿಟ್ಟು ಓಲಾಡುತ್ತದೆ. ಲೇತಿನ ಹುಡುಗ ಒಂದು ತುದಿ ಗೂಡಿಗೂ ಇನ್ನೊಂದು ತುದಿ ಚಕ್ಕಿಗೂ ಹೊಂದುವ ಒಂದು ಗೂಟವನ್ನು ಕಡೆದ. ಎರಡು ಸಲ ಸರಿಹೋಗದೆ ಮೂರನೆಯದು ಹಿಡಿಯಿತು. "ಮಿಸ್, ಬೆಂಚಿನ ಮೇಲೆ ನಿಲ್ಲಿಸಬೇಡಿ," ಎಂದು ನಕ್ಕ. ಮಾವ ತಂದಿಟ್ಟಿದ್ದ ಬೇರಿಂಗುಗಳನ್ನು ಎಣ್ಣೆ ಕಾಗದ ಬಿಚ್ಚಿ ಹಾಕಿದಾಗ ಅವು ಹೊಸದರ ಹಾಗೆ ಮಿಂಚುತ್ತಿದ್ದವು.

ಈ ನಡುವೆ ಶಾಲೆಯಲ್ಲಿ ಸಿಂಧೂ ನಾಗರಿಕತೆಯ ಪಾಠ ಬಂತು. ಅಲ್ಲಿಯ ಜನ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕೆಂಪು ಕಲ್ಲಿನ ಉದ್ದನೆಯ ಮಣಿಗಳನ್ನು ಮಾಡುತ್ತಿದ್ದರು. ಮಣಿಯ ಉದ್ದಕ್ಕೂ ಸಣ್ಣ ತೂತು. ಕೊರೆದದ್ದು ಗಟ್ಟಿ ಕಲ್ಲಿನ ಮೊನೆಯಿಂದ. ಪ್ರತಿವರ್ಷ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಈ ವರ್ಷ ಬಡಗಿಯ ಮನೆಯಿಂದ ಒಂದು ಬೈರಿಗೆ ತರಿಸಿ, ಹಲಗೆಗೆ ತೂತು ಕೊರೆಯಿರಿ ಎಂದು ಮಕ್ಕಳಿಗೆ ಕೊಟ್ಟೆ. ಪೀರಿಯಡ್ಡು ಮುಗಿಯುವುದರೊಳಗೆ ಎಲ್ಲರಿಗೂ ಕೈನೋವು. ಪಾಠ ಅರ್ಥವಾಯಿತು.

ಆಯುಧಪೂಜೆಯ ದಿನ ಮೆಷಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದೆವು. ಸ್ವಿಚ್ ಹಾಕುವವರು ಯಾರು ಎಂದು ಬಂದಾಗ ಎಲ್ಲರೂ ನನ್ನನ್ನು ನೋಡಿದರು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ಒಂದು ಅಂಗಿ ತೊಟ್ಟೆ. ಮಾವನ ಖಾಕಿ ಅಂಗಿ. ತೋಳು ಮೊಣಕೈಯ ತನಕ ಕತ್ತರಿಸಿ ಹೊಲಿದುಕೊಂಡಿದ್ದೆ, ಜೋಲುವ ಬಟ್ಟೆ ಮೆಷಿನ್ನಿಗೆ ಸಿಕ್ಕಬಾರದೆಂದು. ಜಡೆ ಸುತ್ತಿ ತುರುಬು ಕಟ್ಟಿದೆ. ಬಳೆ ತೆಗೆಯಲು ಹಿಂದೆಮುಂದೆ ನೋಡುತ್ತಿದ್ದಾಗ ಅ‌ತ್ತೆ, "ತೆಗಿಯೇ. ಕೈಯಿದ್ರೆ ತಾನೆ ಬಳೆ?" ಎಂದರು.

ಮೊದಲ ಕೆಲಸ ತಂದವಳು ಬೇರೆ ಯಾರೂ ಅಲ್ಲ, ನೆರೆಮನೆಯಾಕೆಯೇ. ಅವಳ ಮನೆಯ ಮಗ್ಗದ ಒಂದು ಪಟ್ಟಿ ಸೀಳಿತ್ತು. ಹೊಸ ಪಟ್ಟಿಗೆ ಎರಡು ತೂತು. ಚುಕ್ಕೆ ಹೊಡೆದು ಗುರುತು ಮಾಡಿ, ಪಟ್ಟಿಯನ್ನು ಮೇಜಿಗೆ ಬಿಗಿದು, ಬಿಟ್ಟು ಚಕ್ಕಿಗಿಟ್ಟು ಕೀಲಿ ತಿರುಗಿಸಿದೆ. ಕೀಲಿ ತೆಗೆದೆ. ಸ್ವಿಚ್ ಹಾಕಿದೆ. ಹಿತ್ತಲಲ್ಲಿ ಇಪ್ಪತ್ತೆರಡು ವರ್ಷದ ಮೇಲೆ ಆ ಗುಂಯ್ ಸದ್ದು ಎದ್ದಿತು. ಹಿಡಿ ಒತ್ತಿದರೆ ಕಬ್ಬಿಣ ಬೆಣ್ಣೆಯಂತಲ್ಲ, ಆದರೂ ಕೇಳಿದ ಮಾತು ಕೇಳುವ ಮಗುವಿನಂತೆ ದಾರಿ ಬಿಟ್ಟಿತು. ಬೆಳ್ಳಗಿನ ಸುರುಳಿ ಸುತ್ತಿ ಸುತ್ತಿ ಮೇಲೆದ್ದಿತು. ಹಿಡಿ ಬಿಟ್ಟೆ. ಬಿಟ್ಟು ತಾನಾಗಿ ಮೇಲೇರಿತು.

"ಎಷ್ಟು ಕೊಡ್ಲಿ ಟೀಚರಮ್ಮ?" ಎಂದಳು ನೆರೆಮನೆಯಾಕೆ.

"ಇವತ್ತು ಯಾವ ವಾರ?" ಎಂದೆ.

"ಸೋಮವಾರ," ಎಂದು ನಕ್ಕಳು.

ಕೊಟ್ಟಿಗೆ ಹಾಗೆಯೇ ಇದೆ. ಮಗ ರೂಮಿನ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ಅಂದು ಮಧ್ಯಾಹ್ನ ಎಲೆಯ ಮುಂದೆ ಕೂತು ಬಡಿಸಿಕೊಳ್ಳುತ್ತಿದ್ದಾಗ ಅಂಗಿ ಬಿಚ್ಚುವುದನ್ನೇ ಮರೆತಿದ್ದೆ. ಬಗ್ಗಿದರೆ ಜೇಬಿನ ಭಾರ ಎದೆಗೆ ತಾಗಿತು. ಅತ್ತೆ ಅದನ್ನೇ ನೋಡುತ್ತಿದ್ದರು.

"ಅವರೂ ಹಂಗೇ ಊಟಕ್ಕೆ ಬರ್ತಿದ್ರು," ಎಂದರು. "ಕೀಲಿ ಜೇಬಲ್ಲೇ."